ನೂರನೇ ಒಂದು ಸೆಕೆಂಡ್, ಎರಡು ಸೆಂಟಿಮೀಟರ್: ಈಜುಗಾರ ತಹಶೀಲ್ದಾರ್ ವೀರಧವಲ್ ಖಾಡೆ ಸಾಗಿದ ದಾರಿ

2018ರ ಆಗಸ್ಟ್ ತಿಂಗಳು. ಜಕಾರ್ತಾ ಏಷ್ಯನ್ ಗೇಮ್ಸ್‌ನ ಪುರುಷರ 50 ಮೀಟರ್ ಫ್ರೀಸ್ಟೈಲ್ ಫೈನಲ್. ಎಂಟು ಲೇನ್‌ಗಳಲ್ಲಿ ಒಂದರಲ್ಲಿ ಭಾರತದ ವೀರಧವಲ್ ಖಾಡೆ ಇದ್ದರು. ಗೋಡೆ ಮುಟ್ಟಿ ಫಲಕದತ್ತ ತಿರುಗಿ ನೋಡಿದಾಗ ಅವರ ಸಮಯ 22.47 ಸೆಕೆಂಡ್, ಸ್ಥಾನ ನಾಲ್ಕನೆಯದು. ಮೂರನೆಯವರಾಗಿ ಬಂದ ಜಪಾನಿನ ಶುನಿಚಿ ನಕಾವೊ ಅವರ ಸಮಯ 22.46. ಅಂದರೆ ಕಂಚಿನ ಪದಕ ತಪ್ಪಿದ್ದು ಒಂದು ಸೆಕೆಂಡಿನ ನೂರನೇ ಒಂದು ಪಾಲಿನಿಂದ.

ಇದನ್ನು ಅಳತೆಯಲ್ಲಿ ಹೇಳುವುದಾದರೆ, 50 ಮೀಟರ್ ದೂರವನ್ನು ಇಪ್ಪತ್ತೆರಡೂವರೆ ಸೆಕೆಂಡಿನಲ್ಲಿ ದಾಟುವವನು ಸೆಕೆಂಡಿಗೆ ಸುಮಾರು 2.2 ಮೀಟರ್ ಸಾಗುತ್ತಾನೆ. ನೂರನೇ ಒಂದು ಸೆಕೆಂಡಿನಲ್ಲಿ ಅವನು ಕ್ರಮಿಸುವುದು ಎರಡು ಸೆಂಟಿಮೀಟರ್‌ಗಿಂತ ಒಂದಿಷ್ಟು ಹೆಚ್ಚು. ಬೆರಳಿನ ತುದಿಯ ಒಂದು ಗೆಣ್ಣಿನಷ್ಟು.

ಅದೇ ಕೂಟದ ಹೀಟ್ಸ್‌ನಲ್ಲಿ ಖಾಡೆ 22.43 ಸೆಕೆಂಡಿನಲ್ಲಿ ಈಜಿ ರಾಷ್ಟ್ರೀಯ ದಾಖಲೆ ಬರೆದಿದ್ದರು. ಆ ಸಮಯವನ್ನೇ ಫೈನಲ್‌ನಲ್ಲೂ ಮಾಡಿದ್ದರೆ ಕಂಚು ಅವರದ್ದಾಗುತ್ತಿತ್ತು. ಆದರೆ ಇವರ ಕಥೆಯಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ. ಆ ದಿನ ನೀರಿಗೆ ಧುಮುಕಿದವರು ಪೂರ್ಣಾವಧಿ ಈಜುಗಾರರಲ್ಲ, ಮಹಾರಾಷ್ಟ್ರ ಸರ್ಕಾರದ ಒಬ್ಬ ತಹಶೀಲ್ದಾರ್. ನಡುವೆ ಹಲವು ವರ್ಷ ಈಜಿನಿಂದ ದೂರವೇ ಇದ್ದು, ಮತ್ತೆ ಕೊಳಕ್ಕೆ ಮರಳಿದವರು.

ಕೊಲ್ಹಾಪುರದಿಂದ ಬೆಂಗಳೂರಿಗೆ

ಖಾಡೆ ಹುಟ್ಟಿದ್ದು 1991ರ ಆಗಸ್ಟ್ 29ರಂದು, ಕೊಲ್ಹಾಪುರದಲ್ಲಿ. ಕೊಲ್ಹಾಪುರ ಎಂದರೆ ನಮಗೆ ಮಹಾಲಕ್ಷ್ಮಿ ದೇವಸ್ಥಾನ, ಕುಸ್ತಿಯ ತಾಲೀಮು, ಚಪ್ಪಲಿ. ಬೆಳಗಾವಿ, ನಿಪ್ಪಾಣಿ ಕಡೆಯವರಿಗಂತೂ ಪಕ್ಕದ ಊರು. ಅಂಥ ಕುಸ್ತಿಯ ಊರಿನ ಹುಡುಗ ಚಿಕ್ಕಂದಿನಲ್ಲೇ ನೀರಿಗಿಳಿದ. ವಯೋಮಿತಿ ಸ್ಪರ್ಧೆಗಳಲ್ಲಿ ಗೆಲ್ಲುತ್ತಾ ಹೋದಂತೆ, ಮುಂದೆ ಬೆಳೆಯಬೇಕಾದರೆ ಊರು ಬಿಡಲೇಬೇಕು ಎಂಬುದು ಸ್ಪಷ್ಟವಾಯಿತು. ಹದಿಹರೆಯದಲ್ಲೇ ಬೆಂಗಳೂರಿಗೆ ಬಂದು ಕೋಚ್ ನಿಹಾರ್ ಅಮೀನ್ ಅವರ ಬಳಿ ತರಬೇತಿಗೆ ಸೇರಿದರು. ಅಮೀನ್ ಅವರಿಗೆ ಮುಂದೆ 2015ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು.

ಬೆಂಗಳೂರೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಸದಾಶಿವನಗರದ ಕೆ.ಸಿ. ರೆಡ್ಡಿ ಈಜು ಕೇಂದ್ರ, ಬಸವನಗುಡಿ ಅಕ್ವಾಟಿಕ್ ಸೆಂಟರ್, ಈಚೆಗೆ ಯಲಹಂಕ ಕಡೆಯ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರ ಇವೆಲ್ಲ ಒಂದೇ ನಗರದಲ್ಲಿವೆ. 50 ಮೀಟರ್ ಕೊಳ, ಅನುಭವಿ ಕೋಚ್, ಪಕ್ಕದ ಲೇನ್‌ನಲ್ಲಿ ತನಗಿಂತ ವೇಗವಾಗಿ ಈಜುವ ಇನ್ನೊಬ್ಬ ಹುಡುಗ: ಈ ಮೂರೂ ಒಟ್ಟಿಗೆ ಸಿಗುವ ಊರು ದೇಶದಲ್ಲಿ ಹೆಚ್ಚಿಲ್ಲ. ದೆಹಲಿಯ ಸಂದೀಪ್ ಸೆಜ್ವಾಲ್ ಕೂಡ ಇಲ್ಲಿಗೇ ಬಂದರು. ಕೇರಳದ ಸಜನ್ ಪ್ರಕಾಶ್ ಕೂಡ ಇಲ್ಲಿ ಪ್ರದೀಪ್ ಕುಮಾರ್ ಅವರ ಬಳಿ ಪಳಗಿದರು.

ಇಂಥ ಮಕ್ಕಳ ದಿನಚರಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಬೆಳಕು ಹರಿಯುವ ಮುನ್ನ ಒಂದು ಸುತ್ತು ತರಬೇತಿ, ನಂತರ ಒದ್ದೆ ತಲೆಯಲ್ಲೇ ಶಾಲೆ, ಸಂಜೆ ಇನ್ನೊಂದು ಸುತ್ತು. ಕೊಳದ ಕಟ್ಟೆಯ ಮೇಲೆ ಟವೆಲ್ ಹಿಡಿದು ಕೂತ ಅಮ್ಮ ಅಥವಾ ಅಪ್ಪ. ಕ್ರಿಕೆಟ್ಟಿನಲ್ಲಿ ಇಪ್ಪತ್ತೈದಕ್ಕೂ ಅವಕಾಶ ಬರಬಹುದು. ಈಜಿನಲ್ಲಿ ಹಾಗಲ್ಲ, ಹದಿನೈದು-ಹದಿನಾರಕ್ಕೇ ದೇಶದ ತಂಡದ ಬಾಗಿಲು ತಟ್ಟುತ್ತಿರಬೇಕು.

ಹದಿನಾರಕ್ಕೆ ಬೀಜಿಂಗ್

ಖಾಡೆ ತಟ್ಟಿದ್ದು ಹಾಗೆಯೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 50, 100 ಮತ್ತು 200 ಮೀಟರ್ ಫ್ರೀಸ್ಟೈಲ್ ಮೂರರಲ್ಲೂ ಅವರು ಈಜಿದರು. ಆಗ ಅವರಿಗೆ ಇನ್ನೂ 17 ತುಂಬಿರಲಿಲ್ಲ. ಸೆಜ್ವಾಲ್, ಬೆಂಗಳೂರಿನ ರೆಹಾನ್ ಪೂಂಚಾ, ಅಂಕುರ್ ಪೊಸೇರಿಯಾ ಕೂಡ ತಂಡದಲ್ಲಿದ್ದರು. ಯಾರೂ ಹೀಟ್ಸ್ ದಾಟಲಿಲ್ಲ, ಅದು ಅನಿರೀಕ್ಷಿತವೂ ಆಗಿರಲಿಲ್ಲ. ಇದೇ ಕೂಟದ 100 ಮೀಟರ್ ಬಟರ್‌ಫ್ಲೈನಲ್ಲಿ ಮೈಕೆಲ್ ಫೆಲ್ಪ್ಸ್ 50.58 ಸೆಕೆಂಡಿನಲ್ಲಿ ಗೋಡೆ ಮುಟ್ಟಿ, 50.59ರಲ್ಲಿ ಮುಟ್ಟಿದ ಸರ್ಬಿಯಾದ ಮಿಲೊರಾಡ್ ಚಾವಿಚ್ ಅವರನ್ನು ಹಿಂದಿಕ್ಕಿದರು. ಎಂಟು ಚಿನ್ನಗಳ ದಾಖಲೆ ಉಳಿದದ್ದು ಆ ನೂರನೇ ಒಂದು ಸೆಕೆಂಡಿನಿಂದ. ಹತ್ತು ವರ್ಷದ ಬಳಿಕ ಅಷ್ಟೇ ಅಂತರ ಖಾಡೆ ಅವರಿಗೆ ತಿರುಗುಬಾಣವಾಯಿತು.

ಬೀಜಿಂಗ್ ಮುಗಿದ ಕೆಲವೇ ವಾರಗಳಲ್ಲಿ ಪುಣೆಯ ಬಾಲೇವಾಡಿಯಲ್ಲಿ ಯುವ ಕಾಮನ್‌ವೆಲ್ತ್ ಗೇಮ್ಸ್ ನಡೆಯಿತು. ತವರು ರಾಜ್ಯದ ಪ್ರೇಕ್ಷಕರ ಮುಂದೆ ಖಾಡೆ ಚಿನ್ನದ ಪದಕಗಳನ್ನು ಗೆದ್ದರು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈನಲ್ಲಿ 24.31 ಸೆಕೆಂಡಿನೊಂದಿಗೆ ಕಂಚು ಬಂತು. ಏಷ್ಯನ್ ಗೇಮ್ಸ್ ಈಜಿನಲ್ಲಿ ಭಾರತ 24 ವರ್ಷದ ನಂತರ ಪಡೆದ ಪದಕ ಅದು. ಅದಕ್ಕೂ ಮುನ್ನ 1986ರ ಸೋಲ್‌ನಲ್ಲಿ ಖಜಾನ್ ಸಿಂಗ್ 200 ಮೀಟರ್ ಬಟರ್‌ಫ್ಲೈನಲ್ಲಿ ಬೆಳ್ಳಿ ಗೆದ್ದಿದ್ದರು. ಇನ್ನೂ ಹಿಂದೆ ಹೋದರೆ 1951ರ ದೆಹಲಿಯಲ್ಲಿ ಸಚಿನ್ ನಾಗ್ ಗೆದ್ದ ಚಿನ್ನ. 2011ರಲ್ಲಿ ಖಾಡೆ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು.

ಇಲ್ಲೊಂದು ವಿಪರ್ಯಾಸವಿದೆ. ಅವರಿಗೆ ಪದಕ ತಂದ 50 ಮೀಟರ್ ಬಟರ್‌ಫ್ಲೈ ಆಗ ಒಲಿಂಪಿಕ್ ಸ್ಪರ್ಧೆಯೇ ಆಗಿರಲಿಲ್ಲ. ಅದು ಒಲಿಂಪಿಕ್ಸ್‌ಗೆ ಸೇರುವುದು 2028ರ ಲಾಸ್ ಏಂಜಲಿಸ್ ಕೂಟದಲ್ಲಿ.

ಬಹುಮಾನವೇ ಅಡ್ಡಿಯಾದಾಗ

ಅಂತರರಾಷ್ಟ್ರೀಯ ಪದಕ ಗೆದ್ದವರಿಗೆ ಸರ್ಕಾರಿ ಹುದ್ದೆ ಕೊಡುವ ಪದ್ಧತಿ ಮಹಾರಾಷ್ಟ್ರದಲ್ಲಿದೆ. ಕುಸ್ತಿಪಟು ರಾಹುಲ್ ಅವಾರೆ ಡಿವೈಎಸ್‌ಪಿ ಆದದ್ದು ಹೀಗೆಯೇ. ಖಾಡೆ ಅವರಿಗೆ ಸಿಕ್ಕಿದ್ದು ತಹಶೀಲ್ದಾರ್ ಹುದ್ದೆ. ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗನಿಗೆ ಖುರ್ಚಿ, ಸಂಬಳ, ಭದ್ರತೆ. ಮಧ್ಯಮ ವರ್ಗದ ಯಾವ ತಂದೆ ತಾಯಿ ಬೇಡ ಎನ್ನುತ್ತಾರೆ?

ಆದರೆ ತಹಶೀಲ್ದಾರ್ ಕೆಲಸ ಎಂಥದ್ದು ಎಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಪಹಣಿ, ಜಮೀನಿನ ತಕರಾರು, ಜಾತಿ-ಆದಾಯ ಪ್ರಮಾಣಪತ್ರ, ಅಕ್ರಮ ಮರಳು, ಮಳೆ ಬಂದರೆ ನೆರೆ, ಬರದಿದ್ದರೆ ಬರ, ಇವೆಲ್ಲದರ ನಡುವೆ ಚುನಾವಣೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಬಿಡುವು ಸಿಗುವ ನೌಕರಿಯಲ್ಲ ಇದು. ಕೆಲಸದ ಊರಿನಲ್ಲಿ 50 ಮೀಟರ್ ಕೊಳ ಇರುತ್ತದೆ ಎಂಬ ಖಾತ್ರಿಯೂ ಇಲ್ಲ.

ಓಟಗಾರನಾದರೆ ರಸ್ತೆಯಲ್ಲಾದರೂ ಓಡಬಹುದು. ಈಜುಗಾರನಿಗೆ ಕೊಳ ಬಿಟ್ಟರೆ ಬೇರೆ ದಾರಿಯಿಲ್ಲ. ಅಂಗೈಗೆ ನೀರು ಸಿಕ್ಕುವ ಆ ಹಿಡಿತ ಕೆಲವು ವಾರ ಬಿಟ್ಟರೂ ಸಡಿಲವಾಗುತ್ತದೆ ಎನ್ನುವುದು ಈಜುಗಾರರೆಲ್ಲ ಒಪ್ಪುವ ಮಾತು. ಖಾಡೆ ಬಿಟ್ಟಿದ್ದು ವಾರಗಳಲ್ಲ, ವರ್ಷಗಳು. ಮೈತೂಕ ಏರಿತು. 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ ಸೆಜ್ವಾಲ್ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದರು. ನಾಲ್ಕು ವರ್ಷ ಹಿಂದಿನ ಕೂಟದ ಪದಕ ವಿಜೇತ ಆ ಹೊತ್ತಿಗೆ ಕಚೇರಿಯಲ್ಲಿ ಕಡತಗಳ ನಡುವೆ ಇದ್ದರು.

ಸರ್ಕಾರದ್ದು ತಪ್ಪು ಎಂದು ಒಂದೇ ಏಟಿಗೆ ಹೇಳುವುದು ಸುಲಭ. ಹುದ್ದೆ ಕೊಡದಿದ್ದರೆ ಅದೇ ಬಾಯಿ ಕ್ರೀಡಾಪಟುವನ್ನು ಮರೆತರು ಎನ್ನುತ್ತದೆ. ಸಮಸ್ಯೆ ಇರುವುದು ಹುದ್ದೆ ಕೊಟ್ಟದ್ದರಲ್ಲಿ ಅಲ್ಲ, ಕೊಟ್ಟ ಹೊತ್ತಿನಲ್ಲಿ. ಚುಟುಕು ದೂರದ ಈಜುಗಾರ ಇಪ್ಪತ್ತರ ನಂತರವೇ ಮೈಕಟ್ಟಿನಲ್ಲಿ ಪೂರ್ತಿ ಬೆಳೆಯುತ್ತಾನೆ. ಆ ವಯಸ್ಸಿಗೆ ಸರಿಯಾಗಿ ಅವನು ಆಟದ ನಂತರದ ಬದುಕಿಗೆ ಸೇರಿಬಿಟ್ಟರೆ, ಆಟದ ಬದುಕು ಯಾವಾಗ?

2018ಕ್ಕೆ ಮುನ್ನ ಖಾಡೆ ರಜೆ ಪಡೆದು ಮತ್ತೆ ಬೆಂಗಳೂರಿಗೆ, ಅಮೀನ್ ಅವರ ಬಳಿಗೇ ಬಂದರು. ತೂಕ ಇಳಿಸಿದರು. 26ನೇ ವಯಸ್ಸಿನಲ್ಲಿ ತಮ್ಮ ಜೀವನದ ಅತಿ ವೇಗದ ಈಜು ಈಜಿದರು. ಆ 22.43 ನೋಡಿದಾಗ ನಡುವಿನ ವರ್ಷಗಳೂ ಕೊಳದಲ್ಲೇ ಕಳೆದಿದ್ದರೆ ಎಂಬ ಲೆಕ್ಕ ಯಾರ ತಲೆಗಾದರೂ ಬರುತ್ತದೆ.

ಏಳು ತಿಂಗಳಷ್ಟು ಕಾದರೂ

ಮುಂದಿನ ಗುರಿ ಟೋಕಿಯೊ. ಒಲಿಂಪಿಕ್ ಈಜಿಗೆ ಎರಡು ಅರ್ಹತಾ ಮಟ್ಟಗಳಿರುತ್ತವೆ. 'ಎ' ಮಟ್ಟ ಮುಟ್ಟಿದವರಿಗೆ ನೇರ ಪ್ರವೇಶ. 'ಬಿ' ಮಟ್ಟ ಮುಟ್ಟಿದವರು ಸ್ಥಾನ ಖಾಲಿ ಉಳಿದರೆ ಕರೆ ಬರುತ್ತದೆಂದು ಕಾಯಬೇಕು. ಇವೆರಡೂ ಇಲ್ಲದ ದೇಶಗಳಿಗೆ ಒಬ್ಬ ಪುರುಷ, ಒಬ್ಬ ಮಹಿಳೆಯನ್ನು ಕಳಿಸುವ ಅವಕಾಶ ಇರುತ್ತದೆ. ಟೋಕಿಯೊ 50 ಮೀಟರ್ ಫ್ರೀಸ್ಟೈಲ್‌ಗೆ 'ಎ' 22.01, 'ಬಿ' 22.67. ಖಾಡೆ 'ಬಿ' ಮಟ್ಟ ದಾಟಿದ್ದರು. ಇನ್ನು ಬೇಕಿದ್ದುದು ಅರ್ಧ ಸೆಕೆಂಡಿನ ಆಸುಪಾಸು. ಕೇಳಲು ಸಣ್ಣದು, ಈ ದೂರದಲ್ಲಿ ದೊಡ್ಡ ಬೆಟ್ಟ.

ಅಷ್ಟರಲ್ಲಿ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಅಂಗಡಿ, ಕಚೇರಿ, ಮೈದಾನಗಳು ಒಂದೊಂದಾಗಿ ತೆರೆದರೂ ಈಜುಕೊಳಗಳು ಮುಚ್ಚಿಯೇ ಇದ್ದವು. ಜೂನ್‌ನಲ್ಲಿ ಖಾಡೆ, ಹೀಗೇ ಆದರೆ ನಿವೃತ್ತಿಯ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ಬಹಿರಂಗವಾಗಿಯೇ ಹೇಳಿದರು. ಸಜನ್ ಪ್ರಕಾಶ್, ಬೆಂಗಳೂರಿನ ಶ್ರೀಹರಿ ನಟರಾಜ್ ಮೊದಲಾದವರು ಆಗಸ್ಟ್‌ನಲ್ಲಿ ದುಬೈಗೆ ಹೋಗಿ ತರಬೇತಿ ಪಡೆದರು. ದೇಶದಲ್ಲಿ ಕ್ರೀಡಾಪಟುಗಳಿಗೆ ಕೊಳ ತೆರೆಯಲು ಅನುಮತಿ ಬಂದದ್ದು ಅಕ್ಟೋಬರ್ ಮಧ್ಯದಲ್ಲಿ. 2021ರಲ್ಲಿ ಸಜನ್ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿ 'ಎ' ಮಟ್ಟ ಮುಟ್ಟಿದ ಮೊದಲ ಭಾರತೀಯರಾದರು, ಬೆನ್ನಿಗೇ ಶ್ರೀಹರಿ ಕೂಡ ಮುಟ್ಟಿದರು. ಖಾಡೆ ಅವರಿಗೆ ಎರಡನೇ ಒಲಿಂಪಿಕ್ಸ್ ಒದಗಲಿಲ್ಲ.

ಬೇರೆಯವರು ಹಿಡಿದ ದಾರಿ

ಕೊಳದಿಂದ ಮೇಲೆದ್ದ ಮೇಲೆ ಏನು ಎಂಬ ಪ್ರಶ್ನೆಗೆ ಬೆಂಗಳೂರಿನ ಇಬ್ಬರು ಮಹಿಳೆಯರು ಕೊಟ್ಟ ಉತ್ತರಗಳು ಬೇರೆ.

ನಿಶಾ ಮಿಲ್ಲೆಟ್ 1982ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಐದನೇ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ಕೂದಲೆಳೆಯಲ್ಲಿ ಪಾರಾಗಿದ್ದರು. ಆ ಭಯ ಬಿಡಿಸಬೇಕೆಂದು ತಂದೆಯೇ ಹಟ ತೊಟ್ಟು, 1991ರಲ್ಲಿ ಚೆನ್ನೈನ ಶೆಣೈ ನಗರದ ಕೊಳದಲ್ಲಿ ಮಗಳಿಗೆ ಈಜು ಕಲಿಸಿದರು. ಮರುವರ್ಷವೇ ಅಲ್ಲಿ ರಾಜ್ಯಮಟ್ಟದ ಪದಕ. 1999ರ ಮಣಿಪುರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನ. 100 ಮೀಟರ್ ಫ್ರೀಸ್ಟೈಲ್ ಅನ್ನು ಒಂದು ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯ ಮಹಿಳೆ ಅವರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್‌ನ ತಮ್ಮ ಹೀಟ್ ಗೆದ್ದರೂ ಸೆಮಿಫೈನಲ್ ಸಿಗಲಿಲ್ಲ. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ, 2004ರ ಅಥೆನ್ಸ್ ಸ್ವಲ್ಪದರಲ್ಲೇ ತಪ್ಪಿತು. ಮನೆಯವರ ಮೇಲೆ ಬೀಳುತ್ತಿದ್ದ ಖರ್ಚಿನ ಹೊರೆಯೂ ಸೇರಿ ಸ್ಪರ್ಧೆ ನಿಲ್ಲಿಸಿದರು. ನಂತರ ಬೆಂಗಳೂರಿನಲ್ಲಿ ತಮ್ಮದೇ ಹೆಸರಿನ ಈಜು ಅಕಾಡೆಮಿ ಕಟ್ಟಿದರು. ನೀರಿಗೆ ಹೆದರುವ ಮಗುವಿಗೆ ಕಲಿಸುವುದು ಹೇಗೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಶಿಖಾ ಟಂಡನ್ ಅವರದ್ದು ಇನ್ನೊಂದು ಬಗೆ. 2004ರ ಅಥೆನ್ಸ್‌ನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಈಜಿದ ಇವರು, ಅರ್ಜುನ ಪ್ರಶಸ್ತಿ ಪಡೆದ ನಂತರ ಓದು ಬಿಡಲಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಕಲಿತು, ಅಲ್ಲಿನ ಉದ್ದೀಪನ ಮದ್ದು ತಡೆ ಸಂಸ್ಥೆಯ ವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡಿದರು. ಪುಸ್ತಕ ಬದಿಗಿಟ್ಟರೆ ಮಾತ್ರ ಪದಕ ಎಂದು ನಂಬಿದ ಪೋಷಕರು ಇವರ ಹೆಸರು ನೆನಪಿಟ್ಟುಕೊಳ್ಳಬಹುದು.

ಇಬ್ಬರಿಗೂ ಸ್ಪರ್ಧೆ ಮುಗಿದ ಮೇಲೆ ಹೊಸ ಬದುಕು ಶುರುವಾಯಿತು. ಖಾಡೆ ಅವರಿಗೆ ಅದು ನಡುವೆಯೇ ಬಂದು ಕೂತಿತು.

ಗೋವಾದಲ್ಲಿ ಕೊನೆಯ ಈಜು

ಖಾಡೆ ಅವರ ಪತ್ನಿ ಋಜುತಾ ಕೂಡ ರಾಷ್ಟ್ರೀಯ ಮಟ್ಟದ ಈಜುಗಾರ್ತಿ. ಅವರ ಸ್ಪರ್ಧೆಯೂ 50 ಮೀಟರ್ ಫ್ರೀಸ್ಟೈಲ್. 2023ರಲ್ಲಿ ಗೋವಾದಲ್ಲಿ ನಡೆದ 37ನೇ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಗಂಡ ಪುರುಷರ ವಿಭಾಗದಲ್ಲಿ, ಹೆಂಡತಿ ಮಹಿಳೆಯರ ವಿಭಾಗದಲ್ಲಿ, ಇಬ್ಬರೂ ಮಹಾರಾಷ್ಟ್ರಕ್ಕೆ ಚಿನ್ನ ಗೆದ್ದರು. ದೇಶದ ಅತಿ ವೇಗದ ಈಜುಗಾರ, ಅತಿ ವೇಗದ ಈಜುಗಾರ್ತಿ ಒಂದೇ ಮನೆಯವರಾದರು.

ಅಲ್ಲಿಯೇ ಖಾಡೆ ನಿವೃತ್ತಿ ಪ್ರಕಟಿಸಿದರು. ಅವರಿಗೆ ಆಗ 32 ವರ್ಷ.