ತಳಿ ನಿಷೇಧ ಮತ್ತು ವರ್ತನೆ ಆಧಾರಿತ ಶ್ವಾನ ಕಾನೂನು

ನಾಯಿ ಕಡಿತದಿಂದ ಸಾರ್ವಜನಿಕರನ್ನು ರಕ್ಷಿಸುವ ಎರಡು ಭಿನ್ನ ಕಾನೂನು ಕ್ರಮಗಳು. ಮೊದಲನೆಯದು ನಿರ್ದಿಷ್ಟ ತಳಿಗಳ ಸಾಕಣೆ, ಮಾರಾಟಗಳನ್ನು ತಡೆಯುತ್ತದೆ. ಎರಡನೆಯದು ತಳಿ ಯಾವುದೇ ಇರಲಿ, ಆಯಾ ನಾಯಿಯ ವರ್ತನೆಯನ್ನೂ ಮಾಲೀಕರ ಹೊಣೆಯನ್ನೂ ಪರಿಗಣಿಸುತ್ತದೆ.

ವಿದೇಶಗಳಲ್ಲಿ: ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆಯಡಿ ಪಿಟ್‌ಬುಲ್ ಟೆರಿಯರ್, ಜಪಾನೀಸ್ ಟೋಸಾ ಸೇರಿ ನಾಲ್ಕು ಬಗೆಯ ನಾಯಿಗಳು ನಿಷೇಧಕ್ಕೊಳಗಾದವು. 2023ರ ಕೊನೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಎಕ್ಸ್‌ಎಲ್ ಬುಲ್ಲಿಯೂ ಪಟ್ಟಿಗೆ ಸೇರಿತು. ಇದೇ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಯಾವ ತಳಿಯ ನಾಯಿಯೇ ಆದರೂ ಅಪಾಯಕಾರಿಯಾಗಿ ಹತೋಟಿ ತಪ್ಪಿದರೆ ಅಪರಾಧ. ನೆದರ್ಲೆಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು, ಕಡಿತಗಳು ತಗ್ಗಲಿಲ್ಲವೆಂದು 2008ರಲ್ಲಿ ಕೈಬಿಡಲು ನಿರ್ಧರಿಸಿತು. ಇಟಲಿ 2009ರಲ್ಲಿ ತಳಿಪಟ್ಟಿ ರದ್ದುಪಡಿಸಿ ಮಾಲೀಕರ ಮೇಲೆ ಹೊಣೆ ಹೊರಿಸಿತು.

ಗುಣದೋಷ: ಮಿಶ್ರತಳಿಯ ನಾಯಿಯನ್ನು ನೋಟದಿಂದಷ್ಟೇ ಗುರುತಿಸುವುದು ಕಷ್ಟ, ಪಟ್ಟಿಯ ಹೊರಗಿನ ನಾಯಿಗಳೂ ಕಚ್ಚುತ್ತವೆ. ವರ್ತನೆಯನ್ನು ಆಧರಿಸಿದ ಕಾನೂನು ಅನಾಹುತ ನಡೆದ ಬಳಿಕವಷ್ಟೇ ಎಚ್ಚೆತ್ತುಕೊಳ್ಳುತ್ತದೆ ಎಂಬ ಟೀಕೆಯಿದೆ. ಹೀಗಾಗಿ ನೋಂದಣಿ, ತರಬೇತಿ, ಬೆದರಿಸುವ ನಾಯಿಗೆ ಮೊದಲೇ ಬಾಯಿಕುಕ್ಕೆ ಮತ್ತು ಹಗ್ಗ ಕಡ್ಡಾಯಗೊಳಿಸುವಂಥ ಮುನ್ನೆಚ್ಚರಿಕೆಗಳನ್ನೂ ಅದರೊಂದಿಗೆ ಅಳವಡಿಸಲಾಗುತ್ತದೆ.

ಭಾರತದಲ್ಲಿ: ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಆಲಿಸಿಲ್ಲವೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಎಲ್ಲರನ್ನೂ ಆಲಿಸಿ ಹೊಸ ಕ್ರಮ ಕೈಗೊಳ್ಳಲು ಅವಕಾಶ ಉಳಿಸಿತು. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ತಳಿಭೇದವಿಲ್ಲದೆ ಅನ್ವಯಿಸುತ್ತದೆ. ಸಾಕುಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಜೀವಾಪಾಯ ಅಥವಾ ತೀವ್ರ ಗಾಯದ ಸಂಭವ ಉಂಟುಮಾಡಿದವರಿಗೆ 6 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.