ಮುಚ್ಚಳಕ್ಕೊಂದು ಜಾಗ

ಇತಿಹಾಸವೆಂದೊಡನೆ ಕೋಟೆ ಕೊತ್ತಲ, ಕಾಳಗ, ಶಾಸನ, ಪಟ್ಟಾಭಿಷೇಕಗಳೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಶಾಲೆಯ ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತವೆ. ಆದರೆ ಅರಮನೆಗಿದ್ದಂತೆ ಅಡುಗೆಮನೆಗೂ ಒಂದು ಚರಿತ್ರೆಯುಂಟು. ಅದರಲ್ಲಿ ಪಾತ್ರೆಗೆ ಸಿಕ್ಕ ಗೌರವ ಮುಚ್ಚಳಕ್ಕೆ ಸಿಕ್ಕಿಲ್ಲ. ಇಂದು ಯಾವ ಮನೆಯ ಅಡುಗೆಕೋಣೆಗೆ ಹೋದರೂ ಪಾತ್ರೆಗಳು ಒಂದರೊಳಗೊಂದು ಸೇರಿ ಸುಮ್ಮನೆ ಕುಳಿತಿರುತ್ತವೆ. ಮುಚ್ಚಳಗಳು ಮಾತ್ರ ಕಪಾಟಿನ ಬಾಗಿಲು ತೆರೆದೊಡನೆ ಜಾರಿ ಬಿದ್ದು ಮನೆಯನ್ನೆಲ್ಲ ಎಬ್ಬಿಸುತ್ತವೆ. ಈ ಗದ್ದಲ ಎಂದಿನಿಂದ ಆರಂಭವಾಯಿತು? ನಮ್ಮ ಹಿರಿಯರು ಮುಚ್ಚಳಗಳನ್ನು ಎಲ್ಲಿಡುತ್ತಿದ್ದರು? ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಅಷ್ಟು ಸಣ್ಣದಲ್ಲ.

ಮುಚ್ಚಳ ಬಹಳ ಪುರಾತನವಾದ ವಸ್ತು. ನಮ್ಮ ನೆರೆಯ ನೀಲಗಿರಿಯ ಪ್ರಾಚೀನ ಕಲ್ಲುಗೋರಿಗಳಲ್ಲಿ ಮಣ್ಣಿನ ಪಾತ್ರೆಗಳೊಡನೆ ವಿಶೇಷವಾದ ಮುಚ್ಚಳಗಳೂ ದೊರೆತಿವೆ. ಅವುಗಳ ನೆತ್ತಿಯ ಮೇಲೆ ಎಮ್ಮೆ, ಆನೆ, ಮನುಷ್ಯರ ಪುಟ್ಟ ಆಕೃತಿಗಳಿವೆ. ನೀಲಗಿರಿಯ ಕಮಿಷನರಾಗಿದ್ದ ಬ್ರೀಕ್ಸ್ ಎಂಬ ಆಂಗ್ಲ ಅಧಿಕಾರಿ ಇವುಗಳನ್ನು ಸಂಗ್ರಹಿಸಿ ವಿವರಿಸಿದ ಗ್ರಂಥ 1873ರಲ್ಲಿ ಪ್ರಕಟವಾಯಿತು. ಇಂಥ ಮುಚ್ಚಳಗಳನ್ನು ಒಂದರ ಮೇಲೊಂದು ಪೇರಿಸಿಡಲು ಬರುವುದಿಲ್ಲ. ಅವು ಗೋರಿಯಲ್ಲಿಡಲು ಮಾಡಿದವು. ದಿನಕ್ಕೆ ಹತ್ತು ಸಲ ತೆಗೆದು ಹಾಕುವ ಕೈಗಾಗಿ ಮಾಡಿದವಲ್ಲ.

ಬದುಕಿರುವವರ ಅಡುಗೆಮನೆಯ ಜಾಣ್ಮೆಯೇ ಬೇರೆ. ಉತ್ತರ ಕರ್ನಾಟಕದ ಹಳೆಯ ಮನೆಗಳ ಅಡಕಲು ಗಡಿಗೆಗಳನ್ನು ನೆನೆಯಿರಿ. ಕೆಳಗೆ ಎಲ್ಲಕ್ಕಿಂತ ದೊಡ್ಡ ಗಡಿಗೆ, ಅದರ ಬಾಯಿಯ ಮೇಲೆ ಅದಕ್ಕಿಂತ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು. ಮೇಲಿನ ಗಡಿಗೆಯ ತಳವೇ ಕೆಳಗಿನದರ ಮುಚ್ಚಳ. ಐದು ಗಡಿಗೆಗಳ ಅಡಕಲಿಗೆ ಬೇಕಾದದ್ದು ಒಂದೇ ಮುಚ್ಚಳ, ಅದೂ ತುತ್ತತುದಿಯಲ್ಲಿ. ಮುಚ್ಚಳವನ್ನು ಎಲ್ಲಿಡುವುದೆಂಬ ಸಮಸ್ಯೆಯೇ ಅಲ್ಲಿ ಹುಟ್ಟಲಿಲ್ಲ. ತಳದ ಗಡಿಗೆಯ ಕಾಳು ಬೇಕಾದಾಗ ಮೇಲಿನವನ್ನೆಲ್ಲ ಇಳಿಸುವ ಶ್ರಮವಿತ್ತು, ನಿಜ. ಇನ್ನು ಬಾಳೆಯ ಎಲೆಯನ್ನು ಬಾಡಿಸಿ ಪಾತ್ರೆಯ ಬಾಯಿಗೆ ಕಟ್ಟುತ್ತಿದ್ದ ಕಡೆಗಳಲ್ಲಂತೂ ಕೆಲಸ ಮುಗಿದೊಡನೆ ಮುಚ್ಚಳ ಹಸುವಿನ ಬಾಯಿ ಸೇರುತ್ತಿತ್ತು!

ಹಾಲು, ಮೊಸರು, ಬೆಣ್ಣೆಗಳಿಗೆ ಸೂರಿನಿಂದ ಇಳಿಬಿಟ್ಟ ನೆಲವು. ಅಲ್ಲಿಯೂ ಮುಚ್ಚಳ ತನ್ನ ಪಾತ್ರೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. ಬೆಕ್ಕಿನ ಭಯವಿದ್ದ ಕಡೆ ಅದರ ಮೇಲೊಂದು ಗುಂಡುಕಲ್ಲು. ಒಟ್ಟಿನಲ್ಲಿ ಹಳೆಯ ಕ್ರಮದ ಸೂತ್ರ ಇಷ್ಟೆ: ಮುಚ್ಚಳದ ಮನೆ ಪಾತ್ರೆಯ ತಲೆ.

ಹಿತ್ತಾಳೆ ತಾಮ್ರಗಳ ಪಾತ್ರೆಗಳಿದ್ದ ಮನೆಗಳಲ್ಲಿ ಕೆಲಸಕ್ಕೆ ಬರುತ್ತಿದ್ದುದು ಹೆಚ್ಚಾಗಿ ಗುಬುಟಿಲ್ಲದ ಚಪ್ಪಟೆ ತಟ್ಟೆ. ಅದಕ್ಕೆ ಸ್ವಲ್ಪ ಎತ್ತರದ ಅಂಚು. ಪಲ್ಯ ಬೇಯುವಾಗ ಆ ತಟ್ಟೆಯಲ್ಲಿ ನೀರು ಹೊಯ್ಯುತ್ತಿದ್ದರು. ಒಳಗಿನ ಆವಿ ತಂಪಾದ ತಟ್ಟೆಗೆ ತಾಗಿ ಹನಿಯಾಗಿ ಮತ್ತೆ ಪಲ್ಯಕ್ಕೇ ಇಳಿಯುತ್ತಿತ್ತು. ಮೇಲೆ ಕಾದ ನೀರು ಬೇಕೆನಿಸಿದಾಗ ಕೈಗೆ ಸಿಗುತ್ತಿತ್ತು. ಅದೇ ತಟ್ಟೆಯನ್ನು ಅಡ್ಡ ಹಿಡಿದು ಅನ್ನದ ಗಂಜಿ ಬಸಿಯುತ್ತಿದ್ದರು. ಒಂದೇ ತಟ್ಟೆ ಮೂರು ನಾಲ್ಕು ಅಳತೆಯ ಪಾತ್ರೆಗಳಿಗೆ ಒದಗುತ್ತಿದ್ದುದರಿಂದ ಮುಚ್ಚಳಗಳ ಸಂಖ್ಯೆಯೂ ಮಿತವಾಗಿತ್ತು. ಬೆಳಗಿ ಒರೆಸಿದ ಮೇಲೆ ನಾಗಂದಿಗೆಯ ಮೇಲೆ ಗೋಡೆಗೆ ಒರಗಿಸಿಟ್ಟರೆ ಮುಗಿಯಿತು.

ಆದರೆ ಅಲ್ಲಿಯೂ ವಿಂಗಡಣೆಯಿತ್ತು. ಮಡಿವಂತರ ಮನೆಗಳಲ್ಲಿ ಅದು ಅಳತೆಯನ್ನು ನೋಡಿ ಮಾಡಿದ್ದಲ್ಲ. ಹಾಲು ಮೊಸರಿನ ಮುಚ್ಚಳ ಬೇರೆ, ಮುಸುರೆಯ ಮುಚ್ಚಳ ಬೇರೆ, ಮಡಿಯ ನೀರಿನದು ಇನ್ನೂ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕಂಡರೆ ತೊಳೆಯುವ ಶಿಕ್ಷೆ ಮನೆಯ ಹೆಂಗಸರಿಗೆ. ಯಾರು ಯಾವ ಮುಚ್ಚಳವನ್ನು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬ ಕಟ್ಟಳೆಯೂ ಇತ್ತು. ಹಿಂದಿನ ಅಡುಗೆಮನೆಯ ಶಿಸ್ತನ್ನು ಹೊಗಳುವಾಗ ಈ ಮಾತನ್ನು ಮರೆಯಬಾರದು. ಆ ಶಿಸ್ತಿನಲ್ಲಿ ಜಾಣ್ಮೆ ಇದ್ದಂತೆ ಅಂಜಿಕೆಯೂ ಇತ್ತು, ಜಾತಿಯೂ ಇತ್ತು.

ಮುಚ್ಚಳ ಪಾತ್ರೆಯಿಂದ ಅಗಲಿದ್ದನ್ನು ನಾನು ಮೊದಲು ಕಂಡದ್ದು ಒಂದು ಮನೆಯ ಹಿಸ್ಸೆಯ ದಿನ. ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದರು. ಹೊಲ ಗದ್ದೆಗಳ ಪಾಲು ಮುಗಿದ ಮೇಲೆ ಹಜಾರದಲ್ಲಿ ಪಾತ್ರೆಗಳನ್ನು ಹರವಿ ತೂಕಕ್ಕೆ ಹಾಕಿದರು. ತಕ್ಕಡಿ ಹಿಡಿದವರೂ ಲೆಕ್ಕ ಬರೆದವರೂ ಗಂಡಸರೇ. ಕೊಪ್ಪರಿಗೆ ಅಣ್ಣನ ಪಾಲಿಗೆ ಬಂತು, ಅದರ ಮುಚ್ಚಳ ಬೇರೆ ಪಾತ್ರೆಗಳೊಡನೆ ತಮ್ಮನ ಪಾಲಿಗೆ ಹೋಯಿತು. ತೂಕ ಸರಿಹೋಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಹಿರಿಯ ಸೊಸೆ, “ಮುಚ್ಚಳ ಇಲ್ಲದೆ ಅದರಲ್ಲಿ ಏನು ಬೇಯಿಸಲಿ?” ಎಂದು ಮೆಲ್ಲಗೆ ಕೇಳಿದರು. ಆ ಮಾತು ಪಾಲುಪಟ್ಟಿಯನ್ನು ಸೇರಲಿಲ್ಲ. ತವರಿನಿಂದ ತಂದ ಪಾತ್ರೆಗಳಿಗೆ ಮಾತ್ರ ಆ ಆಪತ್ತಿರಲಿಲ್ಲ. ಅವುಗಳ ಮೇಲೂ ಮುಚ್ಚಳಗಳ ಮೇಲೂ ಚುಕ್ಕೆ ಚುಕ್ಕೆಯಾಗಿ ಅವರವರ ಹೆಸರು ಕೊರೆದಿತ್ತು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಅನ್ವಯವಾದದ್ದು 2005ರಲ್ಲಿ. ಅದಕ್ಕೆ ಮುಂಚೆ ಎಷ್ಟೋ ಹೆಣ್ಣುಮಕ್ಕಳ ಹೆಸರು ಹೊತ್ತ ಆಸ್ತಿಯೆಂದರೆ ಆ ಪಾತ್ರೆಗಳು ಮತ್ತು ಅವುಗಳ ಮುಚ್ಚಳಗಳೇ.

ಅಷ್ಟರಲ್ಲಿ ಲೋಹವೂ ಬದಲಾಗುತ್ತಿತ್ತು. ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. 1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ ಸ್ಥಾಪನೆಯಾದಾಗ ಅದರ ನಿರ್ದೇಶಕರಾದವರೂ ಅವರೇ. ಅಲ್ಯೂಮಿನಿಯಂ ಹಗುರ, ಅಗ್ಗ, ಕಲಾಯಿಯ ಖರ್ಚಿಲ್ಲ. ಅನಂತರ ಬಂದ ಸ್ಟೀಲು ಅದನ್ನೂ ಹಿಂದಿಕ್ಕಿತು. ಹಳೆಯ ಬಟ್ಟೆ ಕೊಟ್ಟು ಸ್ಟೀಲಿನ ಪಾತ್ರೆ ಕೊಳ್ಳುವ ವ್ಯಾಪಾರ ಬೀದಿ ಬೀದಿಗೆ ಬಂತು. ಪಾತ್ರೆಗಳು ಹೆಚ್ಚಿದಂತೆ ಮುಚ್ಚಳಗಳೂ ಹೆಚ್ಚಿದವು. ಒಂದೊಂದಕ್ಕೂ ಒಂದೊಂದು ಹಿಡಿ, ಒಂದೊಂದು ಗುಬುಟು.

ಆಮೇಲೆ ಬಂದದ್ದು ಕುಕ್ಕರು. ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ ಒತ್ತಡದ ಪಾತ್ರೆಯ ವಂಶದ್ದು ಅದು. ನಮ್ಮಲ್ಲಿ ಹಾಕಿನ್ಸ್ ಸಂಸ್ಥೆ ಆರಂಭವಾದದ್ದು 1959ರಲ್ಲಿ. ಹಳೆಯ ತಟ್ಟೆ ಯಾವ ಪಾತ್ರೆಗಾದರೂ ಒದಗುತ್ತಿತ್ತು. ಕುಕ್ಕರಿನ ಮುಚ್ಚಳವೋ ಶ್ರೀರಾಮಚಂದ್ರನಂತೆ ಏಕಪತ್ನೀವ್ರತಸ್ಥ! ತನ್ನ ಪಾತ್ರೆಯನ್ನು ಬಿಟ್ಟು ಬೇರೊಂದರ ಮೇಲೆ ಅದು ಕೂರದು. 1965ರಲ್ಲಿ ಇಂಡೇನ್ ಅನಿಲ ವಿತರಣೆ ಆರಂಭವಾದ ಮೇಲೆ ಅಡುಗೆ ನೆಲದಿಂದ ಕಟ್ಟೆಗೆ ಏರಿತು. ಹೊಗೆ ಹೋಯಿತು, ಬಗ್ಗಿ ಊದುವುದು ತಪ್ಪಿತು. ಇದು ದೊಡ್ಡ ಬಿಡುಗಡೆಯೇ ಸರಿ. ಆದರೆ ನೆಲವು, ನಾಗಂದಿಗೆ, ಗೋಡೆಯ ಮಾಡ ಇವೂ ಹೊಗೆಯೊಡನೆ ಹೋದವು. ಹೊಸ ಮನೆಯ ನಕ್ಷೆಯಲ್ಲಿ ಒಲೆಗೆ ಜಾಗ ಗುರುತಿಸಿದರು, ಸಿಂಕಿಗೆ ಗುರುತಿಸಿದರು. ಮುಚ್ಚಳದ ನೆನಪು ಯಾರಿಗೂ ಆಗಲಿಲ್ಲ. ನಕ್ಷೆ ಬರೆದವರು ಅಲ್ಲಿ ಅಡುಗೆ ಮಾಡುವವರಾಗಿರಲಿಲ್ಲ.

ಇದು ಬರಿಯ ಅಂದಚಂದದ ಮಾತಲ್ಲ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 315 ಕಿಲೋಜೌಲ್ ಶಾಖ ಸಾಕು. ಅದೇ ನೀರು ಪೂರ್ತಿ ಆವಿಯಾಗಿ ಹೋಗಬೇಕಾದರೆ ಇನ್ನೂ ಸುಮಾರು 2,250 ಕಿಲೋಜೌಲ್ ಬೇಕು. ಅಂದರೆ ಏಳು ಪಟ್ಟು. ತೆರೆದ ಪಾತ್ರೆಯಿಂದ ಏಳುವ ಆವಿಯೆಲ್ಲ ಹೀಗೆ ಹೊರಟುಹೋಗುವ ಸೌದೆ, ಹೊರಟುಹೋಗುವ ಗ್ಯಾಸು. ಮೈಲಿಗಟ್ಟಲೆ ನಡೆದು ಪುಳ್ಳೆ ಆರಿಸಿ ತರುವ ಹೆಂಗಸಿಗೆ ಮುಚ್ಚಳದ ಬೆಲೆ ಯಾವ ಲೆಕ್ಕವೂ ಇಲ್ಲದೆ ಗೊತ್ತು. ಒಲೆ ಉರಿಯುವಾಗ ಕೈಗೆ ಸಿಗದ ಮುಚ್ಚಳ, ಇದ್ದೂ ಇಲ್ಲದ ಮುಚ್ಚಳ.

ಹಾಗಾದರೆ ಈಗ ಮಾಡಬೇಕಾದದ್ದೇನು? ಹಳೆಯ ನಾಗಂದಿಗೆಯೇ ದಾರಿ ತೋರಿಸುತ್ತದೆ. ಮುಚ್ಚಳಗಳನ್ನು ಮಲಗಿಸಿ ಪೇರಿಸಬಾರದು, ನಿಲ್ಲಿಸಬೇಕು. ನಿಂತ ಮುಚ್ಚಳದಿಂದ ನೀರಿಳಿಯುತ್ತದೆ, ಬೇಕಾದದ್ದೊಂದನ್ನೇ ಎಳೆದುಕೊಳ್ಳಬಹುದು. ತಟ್ಟೆ ಜೋಡಿಸುವ ತಂತಿಯ ಸ್ಟ್ಯಾಂಡೊಂದನ್ನು ಒಲೆಯಿಂದ ಒಂದು ಮೊಳದೊಳಗೆ ಇಟ್ಟು, ದಿನವೂ ಬಳಸುವ ನಾಲ್ಕೈದನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿದರೆ ಸಾಕು. ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆಯ ಮುಚ್ಚಳವನ್ನು ಅದರ ಹಿಡಿಗೇ ದಾರದಿಂದ ಕಟ್ಟಿ ಅಟ್ಟಕ್ಕೇರಿಸಿ. ಕುಕ್ಕರಿನ ಮುಚ್ಚಳವನ್ನು ಬಿಗಿಯದೆ, ರಬ್ಬರು ತೆಗೆದು, ಅದರ ಮೇಲೆಯೇ ಮಗುಚಿಡಿ. ಪಾತ್ರೆ ಹೋಗಿ ಮುಚ್ಚಳವೊಂದೇ ಉಳಿದಿದ್ದರೆ, ಚಪ್ಪಟೆಯಾದುದಾದರೆ ಇಟ್ಟುಕೊಳ್ಳಿ, ಹತ್ತು ಪಾತ್ರೆಗೆ ಒದಗೀತು. ಗುಬುಟಿನದಾದರೆ ಹಳೆಯ ಸಾಮಾನಿನವನಿಗೆ ಕೊಟ್ಟುಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮನೆ ಕಟ್ಟಿಸುವ ಮಿತ್ರರು ನಕ್ಷೆಗೆ ಸಹಿ ಹಾಕುವ ಮೊದಲು ಅದನ್ನು ಅಡುಗೆ ಮಾಡುವವರ ಮುಂದೆ ಹರಡಿ, ಮುಚ್ಚಳ ಎಲ್ಲಿರಬೇಕೆಂದು ಕೇಳಲಿ. ಅಂದು ಬಾಗಿಲ ಮರೆಯಿಂದ ಬಂದ ಪ್ರಶ್ನೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಇಂದು ಬರುವ ಉತ್ತರವನ್ನಾದರೂ ಬರೆದುಕೊಳ್ಳೋಣ.