ಬಾಸ್ಕೆಟ್‌ಬಾಲ್‌ನ ‘ಸಾರ್ವಕಾಲಿಕ ಶ್ರೇಷ್ಠ’ ಯಾರು? ಫಾರ್ವರ್ಡ್‌ಗಳ ಅಂಕಿಗಳು ಹೇಳದೇ ಬಿಡುವುದೇನು?

ಒಂದು ಕಡೆ ಮೈಕೆಲ್ ಜೋರ್ಡನ್ ಫೋಟೋ, ಇನ್ನೊಂದು ಕಡೆ ಲೆಬ್ರಾನ್ ಜೇಮ್ಸ್. ಕೆಳಗೆ ನಾಲ್ಕೈದು ಸಂಖ್ಯೆಗಳು, ಜೊತೆಗೊಂದು ಆಡಿನ ಎಮೋಜಿ. ಕೊನೆಗೆ ‘ಇನ್ನು ವಾದ ಬೇಡ, ಲೆಕ್ಕವೇ ಹೇಳುತ್ತದೆ’ ಎಂಬ ಸಾಲು. ಇಂಥ ಪೋಸ್ಟರ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಆಡು ಯಾಕೆ ಎಂದರೆ, ‘ಗ್ರೇಟೆಸ್ಟ್ ಆಫ್ ಆಲ್ ಟೈಮ್’ ಎಂಬ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಜೋಡಿಸಿದರೆ ‘ಗೋಟ್’ ಆಗುತ್ತದೆ.

ಈ ಪೋಸ್ಟರ್‌ಗಳಲ್ಲಿರುವ ಸಂಖ್ಯೆಗಳು ಬಹುತೇಕ ಸರಿಯಾಗಿಯೇ ಇರುತ್ತವೆ. ಎಡವುವುದು ಸಂಖ್ಯೆಯಿಂದ ತೀರ್ಮಾನಕ್ಕೆ ಹಾರುವಾಗ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಬಗ್ಗೆ ಹೆಚ್ಚು ಹರಿದಾಡುವ ನಾಲ್ಕು ವಾದಗಳನ್ನು ಒಂದೊಂದಾಗಿ ನೋಡೋಣ.

ವಾದ 1: ಹೆಚ್ಚು ಅಂಕ ಗಳಿಸಿದವನೇ ಶ್ರೇಷ್ಠ

ಕರೀಮ್ ಅಬ್ದುಲ್-ಜಬ್ಬಾರ್ ಅವರ 38,387 ಅಂಕಗಳ ದಾಖಲೆಯನ್ನು ಲೆಬ್ರಾನ್ 2023ರ ಫೆಬ್ರವರಿ 7ರಂದು ಮುರಿದರು. ಮರುವರ್ಷ 40,000 ದಾಟಿದರು. ಜೋರ್ಡನ್ ಗಳಿಸಿದ್ದು 32,292. ಹಾಗಾದರೆ ಲೆಬ್ರಾನ್ ಗೆದ್ದಂತೆಯೇ?

ಜೋರ್ಡನ್ ಆಡಿದ್ದು 1,072 ಪಂದ್ಯ, ಲೆಬ್ರಾನ್ ಆಡಿರುವುದು 1,500ಕ್ಕೂ ಹೆಚ್ಚು. ಪಂದ್ಯವೊಂದಕ್ಕೆ ಸರಾಸರಿ ತೆಗೆದರೆ 30.1 ಅಂಕಗಳೊಂದಿಗೆ ಜೋರ್ಡನ್ ಮುಂದೆ. ಲೆಬ್ರಾನ್ ಹೈಸ್ಕೂಲ್ ಮುಗಿಸಿ ನೇರವಾಗಿ ಲೀಗ್‌ಗೆ ಬಂದವರು. ಜೋರ್ಡನ್, ಕರೀಮ್ ಇಬ್ಬರೂ ಮೊದಲು ಕಾಲೇಜು ತಂಡದಲ್ಲಿ ಆಡಿದವರು. ಇನ್ನು ಮೂರು ಅಂಕದ ಗೆರೆ ಎನ್‌ಬಿಎಗೆ ಬಂದದ್ದೇ 1979-80ರಲ್ಲಿ. ಕರೀಮ್ ತಮ್ಮ ಇಡೀ ಎನ್‌ಬಿಎ ಬದುಕಿನಲ್ಲಿ ಆ ಗೆರೆಯಾಚೆಯಿಂದ ಹಾಕಿದ್ದು ಒಂದೇ ಒಂದು ಬಾಸ್ಕೆಟ್! ಲೆಬ್ರಾನ್ ಅಂಥವು 2,000ಕ್ಕೂ ಹೆಚ್ಚು ಹಾಕಿದ್ದಾರೆ.

ಅಂದರೆ ಒಟ್ಟು ಅಂಕ ‘ಎಷ್ಟು ಕಾಲ ಚೆನ್ನಾಗಿ ಆಡಿದರು’ ಎಂಬುದಕ್ಕೆ ಉತ್ತರ. ಸರಾಸರಿ ‘ಆಡಿದಾಗ ಎಷ್ಟು ಗಳಿಸಿದರು’ ಎಂಬುದಕ್ಕೆ ಉತ್ತರ. ಎರಡೂ ಬೇರೆ ಬೇರೆ ಪ್ರಶ್ನೆಗಳು.

ವಾದ 2: ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದವನಿಗೆ ಸಾಟಿಯೇ ಇಲ್ಲ

1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲೇನ್ 100 ಅಂಕ ಗಳಿಸಿದ್ದು ನಿಜ. ಆ ಸೀಸನ್‌ನಲ್ಲಿ ಅವರ ಸರಾಸರಿ 50.4. ಪಂದ್ಯ ಇರುವುದು 48 ನಿಮಿಷ. ಹೆಚ್ಚುವರಿ ಅವಧಿಯೂ ಸೇರಿ ಅವರು ಸರಾಸರಿ 48.5 ನಿಮಿಷ ಆಡಿದ್ದರು!

ಆದರೆ ಅಂದಿನ ಆಟದ ಓಟವೇ ಬೇರೆ. ಒಂದು ತಂಡ ಪಂದ್ಯವೊಂದರಲ್ಲಿ ಬಾಸ್ಕೆಟ್‌ನತ್ತ ಸುಮಾರು 107 ಬಾರಿ ಚೆಂಡು ಎಸೆಯುತ್ತಿತ್ತು. ಈಗ ಅದು 90ರ ಆಸುಪಾಸು. ಅವಕಾಶ ಹೆಚ್ಚಿದ್ದಾಗ ಅಂಕವೂ ಹೆಚ್ಚು.

ಇನ್ನೂ ಕುತೂಹಲದ ಸಂಗತಿ ಇದೆ. ವಿಲ್ಟ್ ಸರಾಸರಿ 50 ದಾಟಿಸಿದ ಅದೇ ಸೀಸನ್‌ನಲ್ಲಿ ‘ಅತ್ಯಮೂಲ್ಯ ಆಟಗಾರ’ ಪ್ರಶಸ್ತಿ ಸಿಕ್ಕಿದ್ದು ಅವರಿಗಲ್ಲ, 19ರ ಹತ್ತಿರ ಸರಾಸರಿ ಇದ್ದ ಬಿಲ್ ರಸೆಲ್‌ಗೆ. ಆಗ ಮತ ಹಾಕುತ್ತಿದ್ದವರು ಪತ್ರಕರ್ತರಲ್ಲ, ಸ್ವತಃ ಆಟಗಾರರು. ಇಬ್ಬರನ್ನೂ ಅಂಗಳದಲ್ಲಿ ಎದುರಿಸಿದವರು ಅಂಕಪಟ್ಟಿಯಲ್ಲಿ ಕಾಣದ ಏನನ್ನೋ ಕಂಡಿದ್ದರು. ರಸೆಲ್ ಅವರ ದೊಡ್ಡ ಶಕ್ತಿ ಎದುರಾಳಿಯ ಎಸೆತವನ್ನು ತಡೆಯುವುದು. ಎನ್‌ಬಿಎ ಅದರ ಲೆಕ್ಕ ಇಡತೊಡಗಿದ್ದು 1973-74ರಿಂದ. ರಸೆಲ್ ನಿವೃತ್ತರಾದದ್ದು 1969ರಲ್ಲಿ. ಅವರ ಅತ್ಯುತ್ತಮ ಕೆಲಸ ಅಧಿಕೃತ ದಾಖಲೆಯಲ್ಲಿ ಇಲ್ಲವೇ ಇಲ್ಲ.

ವಾದ 3: ಪ್ರಶಸ್ತಿ ಎಣಿಸಿ, ಮುಗಿಯಿತು

ಹಾಗಿದ್ದರೆ 13 ಸೀಸನ್‌ಗಳಲ್ಲಿ 11 ಚಾಂಪಿಯನ್‌ಶಿಪ್ ಗೆದ್ದ ರಸೆಲ್ ಮುಂದೆ ಯಾರೂ ನಿಲ್ಲುವುದಿಲ್ಲ. ಕೊನೆಯ ಎರಡನ್ನು ಅವರು ಆಟಗಾರರಾಗಿ ಮಾತ್ರವಲ್ಲ, ಕೋಚ್ ಆಗಿಯೂ ಗೆದ್ದರು. ಆದರೆ ಅವರು ಬಂದಾಗ ಲೀಗ್‌ನಲ್ಲಿ ಇದ್ದದ್ದು 8 ತಂಡ. ಈಗ 30. ಮತ್ತೊಂದು ಕಡೆ, 7 ಚಾಂಪಿಯನ್‌ಶಿಪ್ ಗೆದ್ದ ರಾಬರ್ಟ್ ಹೋರಿ ಒಮ್ಮೆಯೂ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾಗಲಿಲ್ಲ. 6 ಗೆದ್ದ ಜೋರ್ಡನ್‌ಗಿಂತ ಅವರು ದೊಡ್ಡವರೆಂದು ಯಾರೂ ಹೇಳುವುದಿಲ್ಲ.

‘ಜೋರ್ಡನ್ ಫೈನಲ್‌ನಲ್ಲಿ ಆರಕ್ಕೆ ಆರು, ಲೆಬ್ರಾನ್ ಹತ್ತಕ್ಕೆ ನಾಲ್ಕು’ ಎಂಬ ಸಾಲಿನಲ್ಲೂ ಒಂದು ಮೋಸವಿದೆ. ಜೋರ್ಡನ್ ಮೊದಲ ಮೂರು ಸೀಸನ್‌ಗಳಲ್ಲಿ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತರು. ಆ ಸೋಲುಗಳು ಈ ಲೆಕ್ಕದಲ್ಲಿ ಬರುವುದಿಲ್ಲ. ಫೈನಲ್ ತನಕ ಬಂದು ಸೋತರೆ ಕಳಂಕ, ಮೊದಲೇ ಸೋತರೆ ಲೆಕ್ಕಕ್ಕಿಲ್ಲ! ಆರೂ ಫೈನಲ್‌ಗಳಲ್ಲಿ ಜೋರ್ಡನ್ನೇ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದದ್ದು ಅಸಾಮಾನ್ಯ ಸಾಧನೆ, ನಿಜ. ಆರರಲ್ಲೂ ಸ್ಕಾಟಿ ಪಿಪ್ಪೆನ್ ಜೊತೆಗಿದ್ದರು, ಫಿಲ್ ಜಾಕ್ಸನ್ ಕೋಚ್ ಆಗಿದ್ದರು ಎಂಬುದೂ ಅಷ್ಟೇ ನಿಜ.

ವಾದ 4: ಶಾಲಾ ತಂಡದಿಂದ ಹೊರಹಾಕಿದ ಹುಡುಗನೇ ಜಗತ್ತನ್ನು ಗೆದ್ದ

ಪರೀಕ್ಷಾ ಫಲಿತಾಂಶದ ದಿನ ಮಕ್ಕಳಿಗೆ ತಪ್ಪದೇ ಕಳುಹಿಸುವ ಸಂದೇಶ ಇದು. ಅರ್ಧ ಸತ್ಯ. 1978ರಲ್ಲಿ ವಿಲ್ಮಿಂಗ್ಟನ್‌ನ ಲೇನಿ ಹೈಸ್ಕೂಲ್‌ನ ಹಿರಿಯರ ತಂಡದ ಪಟ್ಟಿಯಲ್ಲಿ ಹತ್ತನೇ ತರಗತಿಯ ಜೋರ್ಡನ್ ಹೆಸರು ಇರಲಿಲ್ಲ. ಆದರೆ ಅವರನ್ನು ಹೊರಹಾಕಿರಲಿಲ್ಲ, ಕಿರಿಯರ ತಂಡದಲ್ಲಿ ಆಡಿಸಿದರು. ಅಲ್ಲಿ ಒಂದು ವರ್ಷ ಆಡಿ, ಪಳಗಿ, ಎತ್ತರ ಬೆಳೆದು ಹಿರಿಯರ ತಂಡಕ್ಕೆ ಬಂದರು.

ವ್ಯತ್ಯಾಸ ಸಣ್ಣದಲ್ಲ. ‘ಯಾರೂ ನಂಬದಿದ್ದರೂ ಒಬ್ಬನೇ ಗೆದ್ದ’ ಎಂಬುದು ಒಂದು ಪಾಠ. ‘ಸರಿಯಾದ ಹಂತದಲ್ಲಿ ಆಡಲು ಅವಕಾಶ ಸಿಕ್ಕಿತು, ಅದನ್ನು ದುಡಿಸಿಕೊಂಡ’ ಎಂಬುದು ಬೇರೆಯೇ ಪಾಠ. ಈ ವರ್ಷ ತಂಡಕ್ಕೆ ಆಯ್ಕೆಯಾಗದ ಮಗುವಿಗೆ ಉಪಯೋಗಕ್ಕೆ ಬರುವುದು ಎರಡನೆಯದು.

ಹಾಗಾದರೆ ಶ್ರೇಷ್ಠತೆಯನ್ನು ಅಳೆಯಲು ಆಗುವುದೇ ಇಲ್ಲವೇ?

ಅಳೆಯಬಹುದು, ಆದರೆ ಅಳತೆಗೋಲು ಯಾವುದೆಂದು ಮೊದಲೇ ಹೇಳಬೇಕು. ಫಾರ್ವರ್ಡ್ ಮಾಡುವ ಮುನ್ನ ಈ ನಾಲ್ಕು ಪ್ರಶ್ನೆ ಕೇಳಿ:

• ಇದು ಒಟ್ಟು ಮೊತ್ತವೋ, ಸರಾಸರಿಯೋ? ಎಷ್ಟು ಪಂದ್ಯಗಳಲ್ಲಿ?
• ಆ ಕಾಲದ ನಿಯಮ, ಆಟದ ವೇಗ, ತಂಡಗಳ ಸಂಖ್ಯೆ ಒಂದೇ ಆಗಿತ್ತೇ? ತನ್ನ ಕಾಲದ ಉಳಿದವರಿಗಿಂತ ಈ ಆಟಗಾರ ಎಷ್ಟು ಮುಂದಿದ್ದರು?
• ಅಂಕ ಗಳಿಸುವುದರ ಜೊತೆ ಎದುರಾಳಿಯನ್ನು ತಡೆಯುವ ಕೆಲಸವೂ ಲೆಕ್ಕಕ್ಕೆ ಬಂದಿದೆಯೇ?
• ಪಟ್ಟಿಯಿಂದ ಯಾರನ್ನು ಬಿಡಲಾಗಿದೆ?

ಕೊನೆಯ ಪ್ರಶ್ನೆ ಮುಖ್ಯ. 2004ರಿಂದ 2024ರವರೆಗೆ ಸತತ ಆರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಡಯಾನಾ ಟೌರಾಸಿ ಹೆಸರು ಇಂಥ ಪೋಸ್ಟರ್‌ಗಳಲ್ಲಿ ಕಾಣುವುದೇ ಅಪರೂಪ. ‘ಸಾರ್ವಕಾಲಿಕ’ ಎಂದು ಬರೆದು ಆಟಗಾರ್ತಿಯರನ್ನು ಕೈಬಿಟ್ಟರೆ ಅದು ಅರ್ಧ ಪಟ್ಟಿ ಮಾತ್ರ.

ನಮ್ಮ ತೀರ್ಮಾನ: ಸಂಖ್ಯೆಗಳು ನಿಜ, ‘ಲೆಕ್ಕವೇ ಹೇಳುತ್ತದೆ’ ಎಂಬುದು ನಿಜವಲ್ಲ. ದೀರ್ಘ ಕಾಲದ ಆಟ ಮುಖ್ಯವೆಂದರೆ ಲೆಬ್ರಾನ್, ಉತ್ತುಂಗದ ಆಟ ಮುಖ್ಯವೆಂದರೆ ಜೋರ್ಡನ್, ತಂಡದ ಗೆಲುವೇ ಮುಖ್ಯವೆಂದರೆ ರಸೆಲ್ ಪರವಾಗಿ ಗಟ್ಟಿ ವಾದ ಮಾಡಬಹುದು. ಯಾವುದು ಮುಖ್ಯ ಎಂದು ಆರಿಸುವವರು ನಾವೇ. ಪೋಸ್ಟರ್ ಮಾಡಿದವರೂ ಹಾಗೆಯೇ ಆರಿಸಿದ್ದಾರೆ, ಅದನ್ನು ಹೇಳಿಲ್ಲ ಅಷ್ಟೇ.